ಖುಷಿಯಾಗಿ ಓಡುವ ಓಟ

ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ಕಷ್ಟ ಎಂದು ಲೋಕವೆಲ್ಲ ಹೇಳುತ್ತದೆ. ಕನ್ನಡಕದ ಅಂಗಡಿಯ ಯಜಮಾನರಿಗೆ ಬಂದದ್ದು ಬೇರೆ ಬಗೆಯ ಕಷ್ಟ. ತಾವು ಕೊಟ್ಟ ಮಾತು ಏನೆಂಬುದೇ ಅವರಿಗೆ ತಿಳಿದಿರಲಿಲ್ಲ.

ಮಾತು ಕೊಟ್ಟದ್ದು ಆಸ್ಪತ್ರೆಯಲ್ಲಿ, ಹೆಂಡತಿಯ ಮಂಚದ ಪಕ್ಕ, ಬೇಸಗೆ ಆಗತಾನೆ ಕಾಲಿಡುತ್ತಿದ್ದಾಗ. ಆಕೆ ಕಿಟಕಿಯ ಕಡೆ ನೋಡುತ್ತ ಮಲಗಿದ್ದವಳು ಇದ್ದಕ್ಕಿದ್ದಂತೆ ಅವರ ಕೈ ಹಿಡಿದಳು.

“ನಾನಿಲ್ಲ ಅಂತ ಈ ಸಲದ ಓಟ ಬಿಡಬೇಡಿ.”

“ಆಯ್ತು, ಬಿಡಲ್ಲ.”

“ಆಯ್ತು ಅಂದ್ರೆ ಸಾಲದು. ಖುಷಿಯಾಗಿ ಓಡೋ ಓಟ ಆರಿಸ್ಕೊಳ್ಳಿ. ಔಷಧಿ ಕುಡಿಯೋ ಹಾಗೆ ಮುಖ ಮಾಡ್ಕೊಂಡು ಓಡಿ ಬರಬೇಡಿ. ದೇವರ ಮೇಲೆ ಆಣೆ ಇಟ್ಟು ಹೇಳಿ.”

ಸಣ್ಣಪುಟ್ಟದಕ್ಕೆಲ್ಲ ದೇವರ ಹೆಸರನ್ನು ಎಳೆಯುವ ಅಭ್ಯಾಸ ಯಜಮಾನರಿಗಿರಲಿಲ್ಲ. ಆದರೆ ಆ ಹೊತ್ತಿನಲ್ಲಿ ಸಣ್ಣದು ಯಾವುದು, ದೊಡ್ಡದು ಯಾವುದು? ಆಣೆಯಿಟ್ಟು ಹೇಳಿದರು. ಆಕೆ ಸಮಾಧಾನದಿಂದ ಕಣ್ಣು ಮುಚ್ಚಿದಳು. ಆ ವಾರ ಕಳೆಯುವುದರೊಳಗೆ ದೇವರು ಅವಳನ್ನು ಕರೆದುಕೊಂಡ.

ಹೋದವರು ಹೇಳಿಹೋದ ಮಾತಿಗೆ ಒಂದು ತೊಡಕಿದೆ. ತಿರುಗಿ ಕೇಳುವ ಹಾಗಿಲ್ಲ. ಓಡು ಅಂದಿದ್ದರೆ ಓಡಬಹುದಾಗಿತ್ತು. ಉಪವಾಸವಿರು ಅಂದಿದ್ದರೆ ಇರಬಹುದಾಗಿತ್ತು. ಖುಷಿಯಾಗಿರು ಎಂದು ಹೇಳಿ ಹೊರಟುಹೋದರೆ ಹಿಂದೆ ಉಳಿದವನು ಏನು ಮಾಡಬೇಕು? ಮನೆಯಲ್ಲಿ ಅವಳ ಚಪ್ಪಲಿ ಇನ್ನೂ ಬಾಗಿಲ ಹಿಂದೆ ಇತ್ತು. ಅದನ್ನು ದಾಟಿಕೊಂಡೇ ಅವರು ಬೆಳಗಿನ ಓಟಕ್ಕೆ ಹೋಗುತ್ತಿದ್ದರು, ದಾಟಿಕೊಂಡೇ ಒಳಗೆ ಬರುತ್ತಿದ್ದರು. ಕಾಲು ಓಡುತ್ತಿತ್ತು, ಅದಕ್ಕೆ ಅಭ್ಯಾಸವಿತ್ತು. ಮನಸ್ಸಿನ ಸುದ್ದಿಯನ್ನು ಅವರು ಕೇಳಲು ಹೋಗುತ್ತಿರಲಿಲ್ಲ.

ಬೀದಿಯ ಮರಗಳ ಎಲೆ ಹಳದಿಗೆ ತಿರುಗಿ ಅಂಗಡಿಯ ಮೆಟ್ಟಿಲ ಮೇಲೆ ಉದುರತೊಡಗಿದಾಗ ಯಜಮಾನರಿಗೆ ಚಿಂತೆ ಶುರುವಾಯಿತು. ಶರತ್ಕಾಲದ ಮ್ಯಾರಥಾನುಗಳಿಗೆ ಹೆಸರು ಕೊಡುವ ಕಾಲ ಅದು. ಸುತ್ತಮುತ್ತ ಮೂರು ಓಟಗಳಿದ್ದವು. ಬೆಟ್ಟ ಹತ್ತಿ ಇಳಿಯುವುದು ಒಂದು, ನದಿಯ ದಂಡೆಯುದ್ದಕ್ಕೂ ಹೋಗುವುದು ಒಂದು, ಪಟ್ಟಣದ ಬೀದಿಗಳಲ್ಲಿ ಸುತ್ತುವುದು ಇನ್ನೊಂದು. ಮೂರಕ್ಕೂ ಹೆಸರು ಬರೆದುಕೊಳ್ಳುವುದು ಬೂಟಿನ ಅಂಗಡಿಯಲ್ಲಿ. ಮೂರಕ್ಕೂ ಬರುವ ಶನಿವಾರವೇ ಕೊನೆಯ ದಿನ.

ಹಿಂದೆಲ್ಲ ಆರಿಸುವುದಕ್ಕೆ ಅವರಲ್ಲಿ ಒಂದು ಪದ್ಧತಿಯಿತ್ತು. ಹೆಂಡತಿ ಓಟಗಳ ಪ್ರಕಟಣೆಗಳನ್ನು ಊಟದ ಮೇಜಿನ ಮೇಲೆ ಹರಡಿ, “ಇದಾ, ಅದಾ?” ಎಂದು ಕೇಳುತ್ತಿದ್ದಳು. ಆಕೆಯದು ಪುಸ್ತಕ ಕಟ್ಟುವ ಕೆಲಸ. ಸೂಜಿ ಚುಚ್ಚಿ ಗಟ್ಟಿಯಾದ ತೋರುಬೆರಳು ಯಾವುದಾದರೊಂದು ಕಾಗದದ ಮೇಲೆ ನಿಂತಿರುತ್ತಿತ್ತು. ಯಜಮಾನರು ಕಾಗದ ಓದುತ್ತಿರಲಿಲ್ಲ. ಬೆರಳನ್ನು ನೋಡುತ್ತಿದ್ದರು, ಆಮೇಲೆ ಅವಳ ಮುಖ ನೋಡುತ್ತಿದ್ದರು, “ಇದೇ ಇರಲಿ” ಅನ್ನುತ್ತಿದ್ದರು. ಆಕೆ “ನನಗೆ ಗೊತ್ತಿತ್ತು” ಎಂದು ನಗುತ್ತಿದ್ದಳು. ಬೆರಳು ನಿಲ್ಲುತ್ತಿದ್ದದ್ದು ವರ್ಷ ವರ್ಷವೂ ಬೆಟ್ಟದ ಮೇಲೆ. ಹಾಗೆ ಗಂಡಹೆಂಡಿರು ವರ್ಷ ವರ್ಷವೂ ಬೆಟ್ಟ ಹತ್ತಿದರು. ಗೆಲ್ಲುವ ಆಸೆ ಇಬ್ಬರಿಗೂ ಇರಲಿಲ್ಲ. ಓಟಗಾರರಿಗೆಂದಿಟ್ಟ ನೀರಿನ ಮೇಜು ಎತ್ತಿ ಒಯ್ಯುವುದರೊಳಗೆ ಗುರಿ ಮುಟ್ಟಿದರೆ ಅದೇ ದೊಡ್ಡದು.

ಆ ಬುಧವಾರ ಮಧ್ಯಾಹ್ನ ಬಾಮೈದ ಅಂಗಡಿಗೆ ಬಂದ. ಹೆಂಡತಿಯ ತಮ್ಮ, ಎದುರು ಸಾಲಿನಲ್ಲೇ ಬೇಕರಿ. ಮೈತುಂಬ ಹಿಟ್ಟು, ಕೈಯಲ್ಲಿ ಬಿಸಿ ಬನ್ನಿನ ಪೊಟ್ಟಣ. ಕೂತ ಸ್ಟೂಲು ಕಿರ್ರೆಂದಿತು.

“ಭಾವ, ಇನ್ನೂ ಎಷ್ಟು ದಿನ ಅಡ್ಡಗೋಡೆ ಮೇಲೆ ದೀಪ ಇಡ್ತೀರಿ? ಪಟ್ಟಣದ ಓಟಕ್ಕೆ ಹೆಸರು ಕೊಟ್ಟುಬಿಡಿ. ರಸ್ತೆ ಸಮ. ದಾರಿ ಉದ್ದಕ್ಕೂ ವಾದ್ಯದವರು. ಜನ ಚಪ್ಪಾಳೆ ಹೊಡೀತಾರೆ. ಕೊನೇಲಿ ಎಲ್ಲರಿಗೂ ನನ್ನ ಬೇಕರಿ ಬನ್ನು.”

“ನಿನ್ನ ಬನ್ನು ಓಡದೇ ಇದ್ರೂ ತಿಂತಾ ಇದೀನಲ್ಲಯ್ಯ.”

“ಓಡಿ ತಿಂದ್ರೆ ರುಚೀನೇ ಬೇರೆ.”

“ನಿನಗೆ ಹೇಗೆ ಗೊತ್ತು? ಬಸ್ಸು ಹೊರಟುಹೋಗ್ತಿದ್ರೂ ಓಡದ ಪ್ರಾಣಿ ನೀನು.”

“ಅಡುಗೆಯವನು ಎಲ್ಲಾನೂ ತಿಂದು ನೋಡ್ಬೇಕಾ ಭಾವ? ವಾಸನೆಯಲ್ಲೇ ಗೊತ್ತಾಗುತ್ತೆ.”

ಅಷ್ಟರಲ್ಲಿ ಮಗಳು ಬಂದಳು. ಅಂಚೆ ಕಚೇರಿಯಲ್ಲಿ ಕೆಲಸ. ಮಧ್ಯಾಹ್ನದ ಬಿಡುವಿನಲ್ಲಿ ಅಪ್ಪನ ಊಟದ ಡಬ್ಬಿ ಖಾಲಿಯಾಗಿದೆಯೇ ಎಂದು ನೋಡಿಹೋಗುವುದು ಈಚೆಗೆ ಅವಳ ದಿನಚರಿಯಲ್ಲಿ ಸೇರಿತ್ತು. ಮುಚ್ಚಳ ತೆಗೆದು ನೋಡಿ, ಅರ್ಧಕ್ಕರ್ಧ ಉಳಿದದ್ದನ್ನು ಕಂಡು, ಮತ್ತೆ ಮುಚ್ಚಿದಳು.

“ನದಿ ದಂಡೆ ಓಟ ಅಂತ ನಾನು ಹೇಳಿದ್ದೆ ಅಪ್ಪ. ಎರಡೂ ಕಡೆ ಮರ, ಎಲೆ ಉದುರ್ತಾ ಇರುತ್ತೆ, ಗದ್ದಲ ಇಲ್ಲ. ಈ ಸಲ ನಿನಗೆ ಅದೇ ಸರಿ.”

“ಗದ್ದಲ ಇಲ್ದೆ ಇದ್ರೆ ತಲೆ ಒಳಗಿನ ಗದ್ದಲ ಜಾಸ್ತಿ ಕೇಳುತ್ತೆ ಕಣೇ,” ಎಂದ ಬಾಮೈದ.

“ಮಾಮ, ನೀನು ಬನ್ ಮಾರೋಕೆ ಪಟ್ಟಣದ ಓಟ ಅಂತೀಯ.”

“ನೀನು ಎಲೆ ಮಾರ್ತೀಯಾ?”

ಯಜಮಾನರು ಒಂದು ಮಸೂರವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಇಬ್ಬರ ಮಾತೂ ಸರಿಯಾಗಿಯೇ ಕಾಣುತ್ತಿತ್ತು. ಬಾಮೈದ ಹೇಳುವಾಗ ಪಟ್ಟಣ, ಮಗಳು ಹೇಳುವಾಗ ನದಿ. ತಮ್ಮದೇ ಅಂತ ಒಂದು ಅಭಿಪ್ರಾಯ ಎಲ್ಲಿದೆ ಎಂದು ಒಳಗೆ ತಡಕಾಡಿದರು. ಕತ್ತಲೆ ಕೋಣೆಯಲ್ಲಿ ದೀಪದ ಗುಂಡಿ ಹುಡುಕಿದ ಹಾಗಾಯಿತು.

“ಸುಮ್ನೆ ಬೆಟ್ಟಕ್ಕೇ ಹೋಗಿಬಿಡ್ತೀನಿ,” ಎಂದರು ಕೊನೆಗೆ. “ಅವಳಿಗೆ ಬೆಟ್ಟ ಅಂದ್ರೆ ಪ್ರಾಣ ಆಗಿತ್ತು. ಅವಳಿಗೆ ಇಷ್ಟವಾದದ್ದನ್ನ ಓಡಿದ್ರೆ ನನಗೂ ಏನಾದ್ರೂ ಖುಷಿ ಬಂದೀತು.”

ಬಾಮೈದನ ಬಾಯಿಗೆ ಹೊರಟಿದ್ದ ಬನ್ನು ಅಲ್ಲೇ ನಿಂತಿತು.

“ಯಾರಿಗೆ? ಅಕ್ಕನಿಗಾ?”

“ಮತ್ತೆ?”

“ಭಾವ, ಅಕ್ಕನಿಗೆ ಚಿಕ್ಕಂದಿನಿಂದ ಏರು ಅಂದ್ರೆ ಆಗ್ತಿರ್ಲಿಲ್ಲ. ಸ್ಕೂಲಿಗೆ ಹೋಗೋ ದಾರೀಲಿ ಒಂದು ದಿಬ್ಬ ಇತ್ತು, ಅದನ್ನ ತಪ್ಪಿಸೋಕೆ ಅರ್ಧ ಊರು ಸುತ್ತಿಕೊಂಡು ಹೋಗ್ತಿದ್ಲು. ನಿಮ್ಮ ಓಟ ಮುಗಿದ ಮಾರನೇ ದಿನ ನನ್ನ ಬೇಕರಿ ಹಿಂದೆ ಬಂದು ಬಿಸಿನೀರಲ್ಲಿ ಕಾಲಿಟ್ಕೊಂಡು ಕೂತು ಆ ಬೆಟ್ಟಕ್ಕೆ ಹಾಕ್ತಿದ್ದ ಶಾಪ ಕೇಳಬೇಕಿತ್ತು ನೀವು! ಯಾಕಕ್ಕ ಹೋಗ್ತೀಯ ಅಂದ್ರೆ, ‘ಏನು ಮಾಡ್ಲಿ, ನಿಮ್ಮ ಭಾವನಿಗೆ ಬೆಟ್ಟ ಅಂದ್ರೆ ಪ್ರಾಣ’ ಅಂತಿದ್ಲು.”

“ನನಗಾ?” ಯಜಮಾನರು ಮಸೂರ ಕೆಳಗಿಟ್ಟರು. “ನನಗಾ? ನನ್ನ ಮಂಡಿ ಎರಡೂ ಆ ಬೆಟ್ಟದಲ್ಲೇ ಅಲ್ಲವೇನಯ್ಯ ಹೋದದ್ದು! ಅವಳ ಬೆರಳು ಅದರ ಮೇಲಿತ್ತು ಅಂತ ನಾನು…”

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇವರಿಗೆ ಇಷ್ಟವೆಂದು ಬೆರಳಿಟ್ಟವಳು ಅವಳು. ಅವಳಿಗೆ ಇಷ್ಟವೆಂದು ಹೂಂಗುಟ್ಟಿದವರು ಇವರು. ಇಬ್ಬರಿಗೂ ಬೇಡದ ಬೆಟ್ಟವನ್ನು ಇಬ್ಬರೂ ಕೈಕೈ ಹಿಡಿದು ಇಷ್ಟು ವರ್ಷ ಹತ್ತಿದ್ದರು.

ಮೊದಲು ನಕ್ಕವನು ಬಾಮೈದ. ನಕ್ಕು ನಕ್ಕು ಸ್ಟೂಲಿನಿಂದ ಜಾರುವ ಹಾಗಾದ. “ಮಾಮ, ನಗಬೇಡ, ಸುಮ್ನಿರು,” ಎಂದ ಮಗಳಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ಅವಳು ಕರವಸ್ತ್ರ ತೆಗೆದು ಕಣ್ಣಿಗೆ ಒತ್ತಿಕೊಂಡಳು. ಯಜಮಾನರು ಮಾತ್ರ ನಗಲಿಲ್ಲ. ಆಗಲೇ ಒರೆಸಿದ್ದ ಮಸೂರವನ್ನು ಮತ್ತೆ ಒರೆಸಿದರು.

ಆ ಸಂಜೆ ಪ್ರಾರ್ಥನೆಗೆ ಕೂತರೆ ಮನಸ್ಸು ನಿಲ್ಲಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಅವರು ದೇವರನ್ನು ಏನೂ ಬೇಡಿರಲಿಲ್ಲ. ಬೇಡುವಂಥದ್ದನ್ನು ಅವನೇ ತೆಗೆದುಕೊಂಡಿದ್ದಾನೆ, ಇನ್ನು ಕೇಳುವುದೇನಿದೆ ಎಂದು ಬರೀ ಕೈಮುಗಿದು ಏಳುತ್ತಿದ್ದರು. ಇವತ್ತು ಕೇಳಿದರು. ‘ತಂದೆ, ಅದೆಲ್ಲ ಸುಳ್ಳಾಗಿತ್ತೇ? ಅವಳು ನಕ್ಕದ್ದು, ನಾನು ನಕ್ಕದ್ದು, ಮೇಲೆ ಹತ್ತಿ ನಿಂತು ಎಷ್ಟು ಚೆಂದ ಎಂದದ್ದು? ನಾನು ಅವಳಿಗೆ ಕಷ್ಟ ಕೊಟ್ಟೆನೇ, ಅವಳು ನನಗೆ ಕೊಟ್ಟಳೇ? ಖುಷಿಯ ಓಟ ಆರಿಸು ಅಂದಳಲ್ಲ, ನಿನಗೆ ಇಷ್ಟವಾದ ಬೆಟ್ಟಕ್ಕೇ ಹೋಗು ಎಂದು ಹೇಳಿದಳೇ, ಅಥವಾ ಇನ್ನಾದರೂ ಈ ಬೆಟ್ಟವನ್ನು ಬಿಡು ಎಂದಳೇ?’ ದೇವರು ಸುಮ್ಮನಿದ್ದ. ಅವನ ಮೌನ ಸಿಟ್ಟಿನದಲ್ಲ, ಅಷ್ಟು ಯಜಮಾನರಿಗೆ ಗೊತ್ತಿತ್ತು. ಆದರೆ ಮೌನಕ್ಕೆ ಅರ್ಥ ಹಚ್ಚುವ ಕೆಲಸ ಮತ್ತೆ ತಮ್ಮ ತಲೆಗೇ ಬಿತ್ತಲ್ಲ ಎಂದು ನಿಟ್ಟುಸಿರುಬಿಟ್ಟರು.

ಮಾರನೆಯ ದಿನ ಒಬ್ಬ ದರ್ಜಿ ಹೆಂಗಸು ಕಣ್ಣು ತೋರಿಸಲು ಬಂದಳು. ದಾರ ಪೋಣಿಸಲು ಆಗುತ್ತಿಲ್ಲವಂತೆ. ಯಜಮಾನರು ಅವಳ ಮೂಗಿನ ಮೇಲೆ ಪರೀಕ್ಷೆಯ ದಪ್ಪ ಫ್ರೇಮು ಕೂರಿಸಿ, ಒಂದು ಗಾಜು ಹಾಕಿದರು, ತೆಗೆದು ಇನ್ನೊಂದು ಹಾಕಿದರು.

“ಇದು ಚೆನ್ನಾಗಿದೆಯಾ, ಅದು ಚೆನ್ನಾಗಿತ್ತಾ?”

ಹೆಂಗಸು ಗೋಡೆಯ ಅಕ್ಷರಗಳನ್ನು ಬಿಟ್ಟು ಅವರನ್ನೇ ನೋಡಿದಳು. “ಇದೇ… ಅಲ್ವಾ?”

ಇಂಥವರನ್ನು ಅವರು ಜೀವಮಾನವೆಲ್ಲ ಕಂಡಿದ್ದರು. ತಪ್ಪು ಹೇಳಿದರೆ ಮೇಷ್ಟ್ರು ಬೈದಾರು ಎಂಬಂತೆ ಕನ್ನಡಕದವನ ಮುಖದಲ್ಲಿ ಉತ್ತರ ಹುಡುಕುವವರು. ಅಂಥವರಿಗೆ ಕನ್ನಡಕ ಕೊಟ್ಟರೆ ಅದು ಪೆಟ್ಟಿಗೆಯಲ್ಲೇ ಉಳಿಯುತ್ತದೆ.

“ನನ್ನ ಮುಖ ನೋಡಬೇಡಿ ತಾಯಿ. ಕಾಣಬೇಕಾದ್ದು ನಿಮಗೆ. ಅಕ್ಷರ ನೋಡಿ ಹೇಳಿ.”

ಹೇಳಿದ ಮೇಲೆ ಗಾಜು ಕೈಯಲ್ಲೇ ಹಿಡಿದು ನಿಂತುಬಿಟ್ಟರು. ಹೆಂಗಸು ಹೆದರಿ, “ಯಾಕೆ ಯಜಮಾನ್ರೇ, ಕಣ್ಣು ಅಷ್ಟೊಂದು ಕೆಟ್ಟಿದೆಯಾ?” ಎಂದಳು.

“ನಿಮ್ಮದಲ್ಲಮ್ಮ,” ಎಂದರು ಯಜಮಾನರು.

ಅಂಗಡಿಯಲ್ಲಿ ಗಿರಾಕಿಗೆ ಅನುಮಾನ ಉಳಿದರೆ ಪರೀಕ್ಷೆಯ ಫ್ರೇಮು ಹಾಕಿಸಿ ಬೀದಿಯಲ್ಲಿ ಒಂದು ಸುತ್ತು ನಡೆದು ಬರಲು ಹೇಳುವುದು ಅವರ ರೂಢಿ. ಅದೇ ಮದ್ದನ್ನು ತಾವೂ ಕುಡಿಯುವುದೆಂದು ನಿಶ್ಚಯಿಸಿದರು. ಓಡಿ ನೋಡದೆ ಆರಿಸುವುದು ಬೇಡ.

ಶುಕ್ರವಾರ ಬೆಳಿಗ್ಗೆ ಮಗಳ ಜೊತೆ ನದಿಯ ದಂಡೆಗೆ ಹೋದರು. ಅವಳು ಹೇಳಿದ್ದೆಲ್ಲ ನಿಜವೇ. ನೀರಿನ ಮೇಲೆ ತೆಳ್ಳನೆ ಮಂಜು, ದಾರಿಯ ಮೇಲೆ ಎಲೆಗಳ ಹಾಸು, ಕಾಲಿಟ್ಟಲ್ಲೆಲ್ಲ ಸರಸರ ಸದ್ದು. ಮಂಡಿ ತಕರಾರು ತೆಗೆಯಲಿಲ್ಲ. ಇದಕ್ಕಿಂತ ಹಿತವಾದ ದಾರಿ ಇರಲಾರದು ಎಂದುಕೊಂಡರು. ಹಾಗೆಂದುಕೊಂಡ ಕೂಡಲೇ, ಅವಳು ಮಣ್ಣಲ್ಲಿರುವಾಗ ನಾನು ಇಲ್ಲಿ ಹಿತ ಹುಡುಕುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ, ಹುಡುಕು ಎಂದವಳು ಅವಳೇ ತಾನೇ ಎಂಬ ಸಿಟ್ಟೂ ಬಂತು. ಹಿತ, ನಾಚಿಕೆ, ಸಿಟ್ಟು ಮೂರೂ ಒಂದೇ ಹಗ್ಗದಲ್ಲಿ ಹೊಸೆದುಕೊಂಡವು. ಬಿಡಿಸಲು ತಿಳಿಯಲಿಲ್ಲ.

ಸೇತುವೆಯ ಹತ್ತಿರ ಮಗಳು ನಿಂತಳು. ಕೆನ್ನೆ ಕೆಂಪಾಗಿತ್ತು, ಕಣ್ಣು ಹೊಳೆಯುತ್ತಿತ್ತು.

“ಖುಷಿ ಆಯ್ತಾ ಅಪ್ಪ?”

ಯಜಮಾನರು ಅವಳನ್ನು ನೋಡಿದರು. “ಆಯ್ತಮ್ಮ. ತುಂಬ.”

ಅವಳ ಮುಖ ಇಳಿದುಹೋಯಿತು. “ನನ್ನ ಮುಖ ನೋಡಿ ಹೇಳಿದೆ ನೀನು.”

“ಇಲ್ವೇ…”

“ನೋಡಿದೆ ಅಪ್ಪ. ಅಮ್ಮನಿಗೆ ಹೇಳ್ತಿದ್ದ ಹಾಗೇ ಹೇಳಿದೆ. ಇನ್ನು ಮುಂದೆ ನಾನೂ ಬೇಕರಿ ಹಿಂದೆ ಹೋಗಿ ಕಾಲು ನೆನೆಹಾಕ್ಕೊಂಡು ಕೂರಬೇಕಾ?”

ತಂದೆ ಮಗಳು ವಾಪಸು ನಡೆದೇ ಬಂದರು. ಎಲೆಗಳು ಮಾತ್ರ ಸದ್ದು ಮಾಡುತ್ತಿದ್ದವು.

ಶನಿವಾರ ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ, ಯಾರಿಗೂ ಹೇಳದೆ, ಯಜಮಾನರು ಬಸ್ಸು ಹಿಡಿದು ಬೆಟ್ಟದ ಬುಡಕ್ಕೆ ಹೋದರು. ಆರಿಸಲಿಕ್ಕೆ ಹೋದದ್ದಲ್ಲ. ಬೆಟ್ಟವನ್ನು ಪಟ್ಟಿಯಿಂದ ಹೊಡೆದುಹಾಕಿ ಬರೋಣವೆಂದು ಹೋದದ್ದು. ಯಾರ ಮುಖವೂ ಎದುರಿಗಿಲ್ಲದ ಕಡೆ ಒಮ್ಮೆ ಓಡಿ, ಇದು ನನಗೆ ಬೇಡ ಎಂದು ಬಾಯಿಬಿಟ್ಟು ಹೇಳಿದರೆ, ಉಳಿದ ಎರಡರಲ್ಲಿ ಒಂದನ್ನು ಕಣ್ಣುಮುಚ್ಚಿ ಹಿಡಿಯಬಹುದು.

ಮೊದಲ ತಿರುವು ದಾಟುವುದರಲ್ಲೇ ಉಸಿರು ಗಂಟಲಿಗೆ ಬಂತು. ಎರಡನೆಯದರಲ್ಲಿ ಎಡ ಮಂಡಿ ಮಾತನಾಡಿತು. “ಬೇಡ,” ಎಂದರು ಯಜಮಾನರು ಗಟ್ಟಿಯಾಗಿ. ಹಾಗೆ ಹೇಳಿದ್ದು ಎಷ್ಟು ಹಗುರವೆನಿಸಿತೆಂದರೆ ಮತ್ತೊಮ್ಮೆ ಹೇಳಿದರು. “ಬೇಡ. ಸುಡುಗಾಡು ಬೆಟ್ಟ. ಯಾವನು ಮಾಡಿದ ಈ ರಸ್ತೆ, ಹಾವು ಹರಿದ ಹಾಗೆ!” ಬೈಯುತ್ತ ಬೈಯುತ್ತಲೇ ಮೋಟುಗೋಡೆಯಿದ್ದ ತಿರುವಿಗೆ ಬಂದರು. ಕಾಲುಗಳು ತಾವಾಗಿ ನಿಂತವು.

ಇಲ್ಲಿ ಆಕೆ ನಿಲ್ಲುತ್ತಿದ್ದಳು. ಪ್ರತಿ ವರ್ಷವೂ ಇಲ್ಲೇ. “ಲೇಸು ಬಿಚ್ಚಿಹೋಯ್ತು ರೀ,” ಎಂದು ಗೋಡೆಯ ಮೇಲೆ ಕಾಲಿಟ್ಟು ಬಗ್ಗುತ್ತಿದ್ದಳು. ಯಜಮಾನರು ಸೊಂಟದ ಮೇಲೆ ಕೈಯಿಟ್ಟು ಕಣಿವೆಯ ಕಡೆ ತಿರುಗಿ ನಿಂತು, “ಒಂದು ಗಂಟು ನೆಟ್ಟಗೆ ಹಾಕೋಕೆ ಬರಲ್ಲ ನಿನಗೆ,” ಎಂದು ಗೊಣಗುತ್ತಿದ್ದರು. ಗೊಣಗುವುದು ಮೇಲಕ್ಕೆ. ಒಳಗೆ, ದೇವರೇ, ಇನ್ನೊಂದು ಕಾಲಿನದೂ ಬಿಚ್ಚಿರಲಪ್ಪ ಎಂದು ಬೇಡಿಕೊಳ್ಳುತ್ತಿದ್ದರು. ಎದೆಬಡಿತ ಅವಳಿಗೆ ಕೇಳದಿರಲೆಂದೇ ಅತ್ತ ತಿರುಗುತ್ತಿದ್ದದ್ದು. ದೇವರು ದೊಡ್ಡವನು, ಇನ್ನೊಂದು ಕಾಲಿನದೂ ಬಿಚ್ಚಿರುತ್ತಿತ್ತು.

ಪುಸ್ತಕ ಕಟ್ಟುವವಳ ಗಂಟು! ಹಾಳೆ ಹಣ್ಣಾಗಿ ಉದುರಿದರೂ ಅವಳು ಹಾಕಿದ ಗಂಟು ಸಡಿಲುತ್ತಿರಲಿಲ್ಲ. ಅಂಥವಳ ಬೂಟಿನ ಲೇಸು ವರ್ಷ ವರ್ಷವೂ ಇದೇ ತಿರುವಿನಲ್ಲಿ, ಎರಡೂ ಕಾಲಿನದು, ತಾನಾಗಿ ಬಿಚ್ಚಿತೇ? ಒಬ್ಬಳು ಬಗ್ಗಿ ಬಿಗಿಯಾಗಿದ್ದ ಗಂಟನ್ನು ಬಿಚ್ಚಿ ಕಟ್ಟುತ್ತ ಏದುಸಿರು ಮುಚ್ಚಿಕೊಂಡಿದ್ದಾಳೆ, ಇನ್ನೊಬ್ಬರು ಬೆನ್ನು ತಿರುಗಿಸಿ ಗೊಣಗುತ್ತ ಮುಚ್ಚಿಕೊಂಡಿದ್ದಾರೆ. ಸುತ್ತಲೂ ಬೆಟ್ಟ.

ನಗು ಎಲ್ಲಿಂದ ಬಂತೋ ಯಜಮಾನರಿಗೆ ತಿಳಿಯಲಿಲ್ಲ. ಹೊಟ್ಟೆ ಹಿಡಿದುಕೊಂಡು ಗೋಡೆಯ ಮೇಲೆ ಕೂತರು. ಬೇಸಗೆಯಿಂದೀಚೆಗೆ ಬಾರದಿದ್ದ ನಗು, ತಡೆದಷ್ಟೂ ಉಕ್ಕಿತು. ರಸ್ತೆಯ ಅಂಚಿನಲ್ಲಿ ಎಲೆ ಗುಡಿಸುತ್ತಿದ್ದವನು ಪೊರಕೆ ಊರಿ ನಿಂತು ನೋಡಿದ.

“ಏನ್ ಯಜಮಾನ್ರೇ, ಒಬ್ರೇ ನಗ್ತಿದೀರಿ?”

“ಗೊತ್ತಿಲ್ಲಪ್ಪ.”

“ಅಳ್ತಾನೂ ಇದೀರಿ.”

ಯಜಮಾನರು ಕೆನ್ನೆ ಮುಟ್ಟಿ ನೋಡಿಕೊಂಡರು. ಹೌದು. “ಅದೂ ಗೊತ್ತಿಲ್ಲಪ್ಪ,” ಎಂದರು.

ಮೇಲಿನ ತುದಿ ಮುಟ್ಟುವವರೆಗೂ ಅವರಿಗೆ ಬೆಟ್ಟ ಒಂದು ಹೆಜ್ಜೆಗೂ ಹಿಡಿಸಲಿಲ್ಲ. ಆದರೆ ನಡುನಡುವೆ ನಗು ಬರುತ್ತಲೇ ಇತ್ತು.

ಸಂಜೆ ಬೂಟಿನ ಅಂಗಡಿಯಲ್ಲಿ ಹೆಸರು ಬರೆದುಕೊಳ್ಳುವ ಹುಡುಗಿ ಬಾಗಿಲು ಹಾಕುವ ತಯಾರಿಯಲ್ಲಿದ್ದಳು.

“ಯಾವ ಓಟ ಸಾರ್?”

“ಬೆಟ್ಟದ್ದು.”

“ಬೆಟ್ಟ ಅಂದ್ರೆ ತುಂಬ ಇಷ್ಟನಾ?”

“ಇಲ್ಲಮ್ಮ. ನನಗೂ ಆಗಲ್ಲ. ನನ್ನ ಹೆಂಡತಿಗೂ ಆಗ್ತಿರ್ಲಿಲ್ಲ.”

ಹುಡುಗಿಯ ಕೈ ನಿಂತಿತು. “ಹಾಗಾದ್ರೆ ನದೀದು ಹಾಕ್ಲಾ? ಆಮೇಲೆ ಬದಲಾಯಿಸೋಕೆ ಆಗಲ್ಲ ಸಾರ್. ಯೋಚನೆ ಮಾಡಿ.”

“ಯೋಚನೆ ಮಾಡಿ ಮಾಡಿಯೇ ಹೀಗಾಗಿದೆ ಕಣಮ್ಮ. ಬೆಟ್ಟ ಅಂತಲೇ ಹಾಕು.”

ಬೇಕರಿಗೆ ಹೋಗಿ ವಿಷಯ ತಿಳಿಸಿದಾಗ ಬಾಮೈದ ಹಣೆ ಚಚ್ಚಿಕೊಂಡ. ಹಣೆಯ ಮೇಲೆ ಹಿಟ್ಟಿನ ಗುರುತು ಬಿತ್ತು. “ಇರುಳು ಕಂಡ ಬಾವಿಗೆ ಹಗಲು ಬಿದ್ರು ಅಂತಾರಲ್ಲ, ಅದು ನೀವೇ ಭಾವ! ಇಷ್ಟೆಲ್ಲ ಗೊತ್ತಾದ ಮೇಲೂ ಅಕ್ಕನಿಗೋಸ್ಕರ ಮತ್ತೆ ಅದೇ ಬೆಟ್ಟಾನಾ?”

“ಅವಳಿಗೋಸ್ಕರ ಹೇಗಾಗುತ್ತಯ್ಯ? ಅವಳಿಗೂ ಬೇಡವಾಗಿತ್ತಲ್ಲ.”

“ಮತ್ತೆ ನಿಮಗೆ ಖುಷಿಯಾ?”

ಒಲೆಯಿಂದ ತಟ್ಟೆಗಳು ಹೊರಬರುತ್ತಿದ್ದವು. “ಅಲ್ಲಿ ನಗು ಬಂತು,” ಎಂದರು ಯಜಮಾನರು. “ಯಾರನ್ನೂ ನೋಡ್ದೆ ಬಂತು. ಅದನ್ನ ಖುಷಿ ಅಂತಾರೋ ಇಲ್ವೋ, ಹೇಳೋಳು ಇಲ್ಲ. ದೇವರು ಹೇಗೆ ಲೆಕ್ಕ ಹಿಡೀತಾನೋ ನೋಡೋಣ.”

ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಮಗಳ ಕಡೆ ಯಜಮಾನರು ತಿರುಗಿದರು.

“ನೀನೂ ಬರ್ತೀಯೇನಮ್ಮ, ಜೊತೆಗೆ ಓಡೋಕೆ?”

ಅವಳು ಒಂದು ಕ್ಷಣ ಅಪ್ಪನ ಮುಖ ನೋಡಿದಳು. ಆಮೇಲೆ ಬೇಕೆಂದೇ ದೃಷ್ಟಿ ತೆಗೆದು ಬೀದಿಯ ಕಡೆ ನೋಡಿದಳು.

“ಇಲ್ಲ ಅಪ್ಪ. ನನಗೆ ಬೆಟ್ಟ ಇಷ್ಟ ಇಲ್ಲ. ಬರಲ್ಲ.”

ಯಜಮಾನರಿಗೆ ಎದೆಯ ಮೇಲಿನ ಕಲ್ಲೊಂದು ಇಳಿದ ಹಾಗಾಯಿತು. “ಭೇಷ್!” ಎಂದರು. ಅದು ಯಾಕೆ ಭೇಷ್ ಎಂದು ಬಾಮೈದ ಕೇಳಿದ. ಅವರು ತಟ್ಟೆಯಿಂದ ಒಂದು ಬಿಸಿ ಬನ್ನು ತೆಗೆದುಕೊಂಡು ಕಚ್ಚಿದರು.